ಎರಡು ಗಂಟೆಗೆ ಮುಚ್ಚುವ ಗೇಟು

“ಮಾಂಸ ಗೀಂಸ ಏನಾದ್ರೂ ಇದೆಯಾ, ಅಜ್ಜ?” ಕಜಕ್ ಸುಂಕದ ಅಧಿಕಾರಿ ಕೊರ್ನೇಲಿಯುಸನ ಮುಖ ನೋಡಿ ಕೇಳಿದ.

“ಇಲ್ಲ,” ಅಂದ ಕೊರ್ನೇಲಿಯುಸ್.

ಅಷ್ಟೇ. ಅಧಿಕಾರಿ ಚೀಲ ಬಿಚ್ಚಿಸಲೂ ಇಲ್ಲ. ಆ ಮುಖವೇ ಹಾಗಿತ್ತು. ಅರವತ್ತೆಂಟು ವರ್ಷ ಒಂದು ಸುಳ್ಳನ್ನೂ ಆಡದ ಮುಖ. ಪಕ್ಕದಲ್ಲಿದ್ದ ಹೆಂಡತಿ ಸೂಸಾನ ಮಾತ್ರ ಚೀಲದಿಂದ ಕಣ್ಣು ತೆಗೆದಿರಲಿಲ್ಲ. ಚೀಲದ ತಳದಲ್ಲಿ, ಉಣ್ಣೆಯ ಕಾಲುಚೀಲಗಳ ಅಡಿ, ಹೊಗೆಯಲ್ಲಿ ಒಣಗಿಸಿದ ಹಂದಿತೊಡೆಯ ತುಂಡಿತ್ತು. ಗಡಿ ದಾಟಿಸುವ ಹಾಗಿಲ್ಲ ಅಂತ ಅವಳಿಗೆ ಗೊತ್ತು. ಗಂಡನಿಗೆ ತುಂಡಿನ ವಿಷಯವೇ ಗೊತ್ತಿಲ್ಲ.

ಗಡಿಯಾಚೆ ಕರಗಂಡದಲ್ಲಿ ಸೂಸಾನಳ ತಂಗಿ ಲೀಸೆ ಹಾಸಿಗೆ ಹಿಡಿದಿದ್ದಳು. “ನಮ್ಮನೆ ಹೊಗೆಮಾಂಸ ಒಂದು ಚೂರು ತಾರೇ ಸೂಸೆ, ಈ ಕ್ರಿಸ್‌ಮಸ್‌ಗೆ ನಂಗಷ್ಟೇ ಸಾಕು,” ಅಂತ ಫೋನಿನಲ್ಲಿ ಅತ್ತಿದ್ದಳು. ಹಬ್ಬದವರೆಗೆ ಉಳಿಯುವುದೇ ಅನುಮಾನ ಅಂದಿದ್ದರು ಡಾಕ್ಟರು. ಹಬ್ಬಕ್ಕೆ ಇನ್ನೆರಡೇ ದಿನ.

“ಹತ್ತಿ ಹತ್ತಿ!” ಹೊರಗೆ ಮಿನಿಬಸ್ಸಿನ ಚಾಲಕ ತೋಲ್ಕುನ್‌ಬೆಕ್ ಕೂಗುತ್ತಿದ್ದ. “ಹಿಮಗಾಳಿ ಏಳ್ತಾ ಇದೆಯಂತೆ. ಎರಡು ಗಂಟೆಗೆ ಮುಂದಿನ ಗುಡ್ಡದ ರಸ್ತೆ ಗೇಟ್ ಹಾಕ್ತಾರೆ. ಹಾಕಿದ್ರೆ ಯಾವತ್ತು ತೆಗೀತಾರೋ ದೇವರಿಗೇ ಗೊತ್ತು!”

ಆಗಲೇ ಒಂದೂ ಇಪ್ಪತ್ತು. ಕೊರ್ನೇಲಿಯುಸ್ ಸೀಟಿನಲ್ಲಿ ಕೂತು ಕೈಗವಸು ಕಳಚಿ ಪಕ್ಕಕ್ಕಿಟ್ಟ.

“ನೋಡಿದ್ಯಾ ಸೂಸೆ? ನೆಟ್ಟಗೆ ಕೇಳ್ದ, ನೆಟ್ಟಗೆ ಹೇಳ್ದೆ. ಮುಗೀತು.”

ಅಯ್ಯೋ, ಇಷ್ಟು ಹೇಳದೆ ಸುಮ್ಮನಿದ್ದಿದ್ದರೆ! ಅವರಿಬ್ಬರೂ ಕಿರ್ಗಿಸ್ತಾನದ ಕಣಿವೆಯ ಜರ್ಮನ್ ಕ್ರೈಸ್ತ ಸಭೆಯವರು. ಕೋರ್ಟಿನಲ್ಲೂ ಆಣೆ ಇಡುವುದಿಲ್ಲ. ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ತನ್ನ ತಪ್ಪನ್ನು ಸೂಸಾನ ಹೇಗೋ ನುಂಗಿಕೊಳ್ಳುತ್ತಿದ್ದಳು. ಗಂಡನ ಬಾಯಿಂದ ಸುಳ್ಳು ಹೊರಡಿಸಿದ್ದನ್ನು ನುಂಗಲಾಗಲಿಲ್ಲ.

“ರೀ... ಚೀಲದಲ್ಲಿ ಹಂದಿಮಾಂಸ ಇದೆ. ಲೀಸೆಗೆ ಅಂತ ಇಟ್ಟೆ.”

ಅವನು ಎದ್ದು ಚೀಲ ಇಳಿಸಿ, ತಡಕಾಡಿ ಆ ತುಂಡನ್ನು ಹೊರಗೆ ತೆಗೆದ.

“ಬಾಗಿಲು ತೆಗಿಯಪ್ಪ. ಆ ಸಾಹೇಬನಿಗೆ ಹೇಳಿ ಬರ್ತೀನಿ.”

“ತಲೆ ಕೆಟ್ಟಿದೆಯಾ ಅಜ್ಜ ನಿಂಗೆ?” ತೋಲ್ಕುನ್‌ಬೆಕ್ ತಿರುಗಿ ಕೂತ. “ಬರೆಸ್ಕೊಂಡು, ರುಜು ಹಾಕಿಸ್ಕೊಂಡು ಸಂಜೆವರೆಗೂ ಕೂರಿಸ್ತಾರೆ! ಅದೂ ಹಂದಿ! ಥೂ, ನನ್ನ ಗಾಡೀಲಿ!”

“ಕಿಟಕೀಲಿ ಎಸೀರಿ, ನಾಯಿ ತಿನ್ಲಿ!” ಹಿಂದಿನಿಂದ ಯಾರೋ ಕಿರುಚಿದರು.

“ಎಸೆದ್ರೆ ನಾನು ಹೇಳಿದ್ದು ನಿಜ ಆಗುತ್ತಾ?”

ಸೂಸಾನ ಅವನ ತೋಳು ಹಿಡಿದಳು. “ನಿಮ್ಮ ದಮ್ಮಯ್ಯ, ವಾಪಸ್ ಬರ್ತಾ ಹೇಳೋಣ. ಲೀಸೆ ಕಾಯ್ತಾ ಇದಾಳೆ.”

“ಈ ಸುಳ್ಳು ಬಾಯಲ್ಲಿ ಇಟ್ಕೊಂಡು ಅವಳ ಪಕ್ಕ ಕೂತು ಪ್ರಾರ್ಥನೆ ಮಾಡ್ಲಾ? ಬಾ, ಇಬ್ರೂ ಹೋಗಿ ಹೇಳೋಣ.”

ನಲವತ್ತಮೂರು ವರ್ಷದಲ್ಲಿ ಅವನು ಬಾ ಅಂದಾಗ ಅವಳು ಹೋಗದೆ ಇದ್ದದ್ದಿಲ್ಲ. ಈಗಲೂ ಅರ್ಧ ಎದ್ದಳು. ಚಾಲಕನ ಮುಂದಿನ ಗಡಿಯಾರದಲ್ಲಿ ಒಂದೂ ಮೂವತ್ತೈದು. ಮತ್ತೆ ಕೂತಳು.

“ನೀವು ಹೋಗಿ,” ಅಂದಳು.

ಅವನು ಅವಳ ಮುಖ ನೋಡಿದ. ತಲೆಯಾಡಿಸಿ, ತುಂಡನ್ನು ಎದೆಗವಚಿಕೊಂಡು ಇಳಿದ.

“ಏನ್ ಮಾಡ್ಲಿ ಅಜ್ಜಿ? ಕಾಯ್ಲಾ?” ತೋಲ್ಕುನ್‌ಬೆಕನ ದನಿ ಈಗ ಮೆತ್ತಗಾಗಿತ್ತು.

ಸೂಸಾನ ನಾಚಿಕೆ ಬಿಟ್ಟು ಅಳುತ್ತಿದ್ದಳು. ಜೀವಮಾನದಲ್ಲಿ ಅವಳಿಗೆ ಗಂಡನ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ, ಇಷ್ಟು ಕನಿಕರವೂ.

“ಹೊರಡಪ್ಪ.”

ಬಸ್ಸು ಕದಲಿತು. ಅಷ್ಟರಲ್ಲಿ ಅವಳ ಕೈಗೆ ಸೀಟಿನ ಮೇಲಿದ್ದ ಗವಸು ತಾಕಿತು. “ತಡಿ, ತಡಿ!” ಅನ್ನುತ್ತ ಕಿಟಕಿ ಸರಿಸಿ ಹೊರಗೆಸೆದಳು. “ಕೈಗವಸು ರೀ!”

ಕೊರ್ನೇಲಿಯುಸ್ ತಿರುಗಿ ನೋಡಿದ. ಮಾಂಸವನ್ನು ಹಿಮದ ಮೇಲಿಟ್ಟು, ಬಗ್ಗಿ ಗವಸು ಎತ್ತಿಕೊಂಡು, ಒಂದಾದ ಮೇಲೊಂದು ನಿಧಾನವಾಗಿ ತೊಟ್ಟುಕೊಂಡ. ಆಮೇಲೆ ತುಂಡನ್ನು ಎತ್ತಿ, ಮೇಲಿನ ಹಿಮವನ್ನು ಒರೆಸುತ್ತ ಕಚೇರಿಯ ಕಡೆ ನಡೆದ.