ಮೂರನೆಯ ಹಗೇವು

ಸಿಮೆಂಟು ಚೀಲಕ್ಕೆ ಮುನ್ನೂರ ಅರವತ್ತು. ಕಬ್ಬಿಣ ಕಿಲೋಗೆ ಅರವತ್ತೆರಡು. ಮರಳಿಗೆ ಮಾರುವವನ ಬಾಯಿಗೆ ಬಂದದ್ದೇ ದರ. ಗೌಂಡಿ ಬಾಪೂಸಾಹೇಬನ ಕೂಲಿ ಚದರಡಿಗೆ ಇನ್ನೂರ ಎಂಬತ್ತು. ನಕ್ಷೆಯ ಮೇಲೆ ಯಾರದೋ ಸಹಿ ತಂದುಕೊಟ್ಟ ದಲಾಲನಿಗೆ ಹನ್ನೆರಡು ಸಾವಿರ. ವಾಸ್ತು ನೋಡಿದ ಪಂಡಿತರಿಗೆ ಇಪ್ಪತ್ತೊಂದು ಸಾವಿರ, ಮೇಲೊಂದು ಶಾಲು. ಎಲ್ಲ ಕೂಡಿಸಿ ಎರಡಂತಸ್ತಿನ ಮನೆಗೆ ನಲವತ್ತೆರಡು ಲಕ್ಷ. ಇದರಲ್ಲಿ 'ಇಂಜಿನಿಯರ್, ತೊಂಬತ್ತು ಸಾವಿರ' ಎಂಬ ಸಾಲನ್ನು ಗುರುಶಾಂತವ್ವ ಗಂಡನಿಂದ ಮೂರು ಸಲ ಬರೆಸಿದ್ದಳು. ಮೂರು ಸಲವೂ ಸಿದ್ದಪ್ಪ ಅದನ್ನು ಹೊಡೆದು ಹಾಕಿದ್ದ.

ಸಿದ್ದಪ್ಪ ಸಾಂಗ್ಲಿ ಪೇಟೆಯ ಅರಿಶಿನದ ವ್ಯಾಪಾರಿ. ದುಡ್ಡಿಗೆ ಅಂಜುವವನಲ್ಲ, ಇಂಜಿನಿಯರ್ ಎಂಬ ಮಾತೇ ಅವನಿಗೆ ಆಗಿಬರುತ್ತಿರಲಿಲ್ಲ. ಅಣ್ಣ ಗಂಗಪ್ಪನ ಮಗಳು ರೂಪಾಲಿ ವಿಶ್ರಾಮಬಾಗದಲ್ಲಿ ಆಫೀಸು ತೆರೆದ ಸಿವಿಲ್ ಇಂಜಿನಿಯರ್. ಅಣ್ಣತಮ್ಮಂದಿರು ಬೇರೆಯಾಗಿ ಹನ್ನೊಂದು ವರ್ಷವಾಗಿತ್ತು. ಪೇಟೆಯ ಅಂಗಡಿ ಅಣ್ಣನಿಗೆ, ಹರಿಪುರ ರಸ್ತೆಯ ಜಾಗ ತಮ್ಮನಿಗೆ. ಅಂದಿನಿಂದ ಒಬ್ಬ ಎದುರಿಗೆ ಬಂದರೆ ಇನ್ನೊಬ್ಬ ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿಬಿಡುತ್ತಿದ್ದ.

ತನ್ನ ಮನೆಯಾದರೂ ಒಡೆಯಬಾರದೆಂದು ಸಿದ್ದಪ್ಪ ಹಟ ತೊಟ್ಟಿದ್ದ. ಮಗ ಸೌರಭ ಕುಪವಾಡದ ಕಾರಖಾನೆಯಲ್ಲಿ ಕೆಲಸ ಮಾಡುತ್ತ, ಹೆಂಡತಿ ದೀಪಾಲಿ, ಇಬ್ಬರು ಮಕ್ಕಳೊಂದಿಗೆ ವಿಶ್ರಾಮಬಾಗದ ಬಾಡಿಗೆ ಮನೆಯಲ್ಲಿದ್ದ. ಕೆಳಗೆ ತಾವಿಬ್ಬರು, ಮೇಲೆ ಮಗನ ಸಂಸಾರ, ಇದೇ ಮನೆಯ ಉದ್ದೇಶ. "ದಿವಾಳಿ ಹಬ್ಬಕ್ಕ ಮನಿ ಆದ್ರ ಬರ್ತೇವಿ. ಇಲ್ಲಂದ್ರ ಮಿರಜದಾಗ ಫ್ಲ್ಯಾಟ್ ಬುಕ್ ಮಾಡ್ತೇನಿ," ಎಂದು ಸೌರಭ ಸ್ಪಷ್ಟವಾಗಿಯೇ ಹೇಳಿದ್ದ.

ಪಾಯ ಅಗೆಯುವ ದಿನ ರೂಪಾಲಿ ಸ್ಕೂಟರಿನ ಮೇಲೆ ಬಂದಳು.

"ಕಾಕಾ, ಅಪ್ಪಾ ಒಂದು ಮಾತು ಹೇಳಿ ಕಳಿಸ್ಯಾರ."

"ಹನ್ನೊಂದು ವರ್ಷದ ಮ್ಯಾಲ ತಮ್ಮ ನೆನಪಾದನೇನು ನಿಮ್ಮಪ್ಪಗ?"

"ನೈಋತ್ಯ ಮೂಲಿಯೊಳಗ ಮೂರನೇ ಹಗೇವು ಐತ್ರಿ. ಅಜ್ಜ ಅದನ್ನ ಬರೇ ಕಸಾ ಬೂದಿ ಹಾಕಿ ಮುಚ್ಚಿದ್ನಂತ."

ಹಗೇವೆಂದರೆ ಅರಿಶಿನ ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಆಳ ಇಪ್ಪತ್ತಡಿ. ಆ ಜಾಗದಲ್ಲಿ ಹಿಂದೆ ಅಂಥವು ಮೂರಿದ್ದವು. ಎರಡು ಬಯಲಿನಲ್ಲಿ ಉಳಿಯುತ್ತಿದ್ದವು, ಮೂರನೆಯದು ಮನೆಯ ಕೆಳಗೇ ಬರುತ್ತಿತ್ತು. ಇದು ಸಿದ್ದಪ್ಪನಿಗೂ ಗೊತ್ತಿತ್ತು.

"ಐವತ್ತು ವರ್ಷದ ಹಿಂದ ಮುಚ್ಚಿದ್ದವ್ವಾ ಅದು. ಮ್ಯಾಲೆ ಎರಡು ಮಹಾಪೂರ ಬಂದು ಹೋಗ್ಯಾವ. ಹೊಳಿ ಕೃಷ್ಣವ್ವನೇ ಕುಟ್ಟಿ ಕೂಡಿಸ್ಯಾಳ. ಈಗ ಕಲ್ಲಾಗಿರ್ತೈತಿ."

"ಆಗಿರ್ತೈತಿ ಅನ್ನೂದಲ್ರಿ, ತಪಾಸ ಮಾಡಸ್ರಿ. ಅಲ್ಲೇ ಎರಡು ಕಾಲಮ್ ಬರ್ತಾವ. ನನ್ನ ಕಡಿಂದ ಬ್ಯಾಡಂದ್ರ ಬ್ಯಾರೆ ಯಾರ ಕಡಿಂದಾದ್ರೂ ಮಾಡಸ್ರಿ. ಒಂದು ಚೀಲಾ ಅರಿಶಿಣ ತಗೊಳ್ಳಾಕ ನಾಕು ಬೇರು ಮುರದು ಒಳಗಿನ ಬಣ್ಣಾ ನೋಡ್ತೀರಿ. ನಲವತ್ತು ಲಕ್ಷ ಸುರಿಯೂ ನೆಲಾ ಬರೇ ಮ್ಯಾಲಿಂದ ನೋಡಿ ಬಿಡ್ತೀರೇನು?"

ಅಗೆಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಿದ್ದಪ್ಪನಿಗೆ ತಲೆಗೇರಿತು.

"ಗೊತ್ತಾತು! ಹಗೇವು ನೋಡ್ತೇನಿ ಅಂತ ಬರೂದು, ಆಮ್ಯಾಲ ಅದರಾಗೂ ನಮ್ಮದು ಪಾಲೈತಿ ಅನ್ನೂದು. ಪಾಲು ಬೇಕಿದ್ರ ಪಾಲು ಅಂತ ಕೇಳು. ಇಂಜಿನಿಯರ್ ವೇಷ ಯಾಕ ಹಾಕ್ತಿ?"

ರೂಪಾಲಿಯ ಮುಖ ಕೆಂಪಾಯಿತು. "ಹತ್ತು ಮಂದಿ ಮುಂದ ಅಂದ್ರಿ. ಇರ್ಲಿ," ಎಂದವಳೇ ಗಾಡಿ ತಿರುಗಿಸಿದಳು.

"ಕಾಳಜಿ ಕರೂ ನಕಾ, ಚಿಂತಿ ಬ್ಯಾಡ್ರಿ ಮಾಲಕ," ಎಂದ ಬಾಪೂಸಾಹೇಬ, ತಂಬಾಕು ತಿಕ್ಕುತ್ತ. "ನಲವತ್ತು ಮನಿ ಕಟ್ಟೇನಿ. ಬಿದ್ದೈತಿ ಅಂತ ಒಬ್ರೂ ಬಂದು ಹೇಳಿಲ್ಲ."

"ಬಿದ್ದಿದ್ರ ಹೇಳಾಕ ಯಾರು ಬರಬೇಕ್ರಿ, ಒಳಗಿದ್ದವರು?" ಎಂದಳು ಗುರುಶಾಂತವ್ವ.

ನಾಲ್ಕಡಿ ಅಗೆಯುವಷ್ಟರಲ್ಲಿ ಆ ಮೂಲೆಯಲ್ಲಿ ಹಾರೆ ಹಿಡಿಕೆಯ ತನಕ ಇಳಿಯಿತು. ಮೇಲೆ ಬಂದದ್ದು ಬೂದಿ ಬಣ್ಣದ ಮಣ್ಣು. ಬಾಪೂಸಾಹೇಬ ಮಾಲಕನ ಮುಖ ನೋಡಿದ. ಕೆಲಸ ನಿಲ್ಲಿಸು ಎನ್ನುವ ಮಾತು ಸಿದ್ದಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿಲ್ಲಿಸಿದರೆ ಗಂಗಪ್ಪ ಹೇಳಿದ್ದೇ ಖರೆ ಎಂದಾಗುತ್ತಿತ್ತು. "ಕಲ್ಲು ಗರಸು ಹಾಕಿ ಕುಟ್ಟು," ಎಂದ. ಎರಡು ಟ್ರ್ಯಾಕ್ಟರ್ ಕಲ್ಲು ಬಿದ್ದವು. ಅದರ ಮೇಲೆ ಕಾಲಮ್ ಎದ್ದವು.

ಮೇ ಮುಗಿಯುವುದರೊಳಗೆ ಎರಡನೆಯ ಸ್ಲ್ಯಾಬೂ ಹಾಕಿದ್ದಾಯಿತು. ನೈಋತ್ಯದಲ್ಲಿ ಭಾರವಿರಬೇಕೆಂದು ಪಂಡಿತರು ಹೇಳಿದ್ದರಿಂದ ಮೆಟ್ಟಿಲೂ ನೀರಿನ ಟಾಕಿಯೂ ಅದೇ ಮೂಲೆಗೆ ಬಂದವು. ಜುಲೈಯಲ್ಲಿ ಮಳೆ ಹಿಡಿಯಿತು. ಆ ಮೂಲೆಯ ಕೋಣೆಯ ಬಾಗಿಲು ಚೌಕಟ್ಟಿಗೆ ಕೂಡದಾಯಿತು.

"ಮಳಿಗೆ ಕಟಗಿ ಉಬ್ಬೈತಿ," ಎಂದು ಬಾಪೂಸಾಹೇಬ ಬಾಗಿಲು ಕೆತ್ತಿಸಿದ. ಕಿಟಕಿಯಿಂದ ಸ್ಲ್ಯಾಬಿನ ತನಕ ಬಿರುಕು ಬಿಟ್ಟಿತು, ಸಿಮೆಂಟು ಮೆತ್ತಿದ. ಎಂಟು ದಿನಕ್ಕೆ ಅದೇ ಬಿರುಕು ಬೆರಳಿನಷ್ಟಾಗಿ ಬಾಯಿ ತೆರೆಯಿತು. ಅಲ್ಲಿಂದ ಮುಂದೆ ಬಾಪೂಸಾಹೇಬ ಫೋನು ಎತ್ತಲಿಲ್ಲ.

ಮನೆ ನೋಡಲು ಬಂದ ಸೊಸೆ ದೀಪಾಲಿ ಆ ಬಿರುಕಿನೊಳಗೆ ಬೆರಳಿಟ್ಟು ನೋಡಿದಳು. ಒರಟು ಮಾತಿನವಳಲ್ಲ. ಆದರೂ ಹೇಳಿದಳು: "ಮಾಮಾ, ಸಿಟ್ಟಾಗಬ್ಯಾಡ್ರಿ. ನಾ ಹುಡುಗೂರನ್ನ ಇದರ ಕೆಳಗ ಮಲಗಸೂದಿಲ್ಲ."

ಅವಳು ಹೋದ ಮೇಲೆ ಗುರುಶಾಂತವ್ವ ಗಂಡನ ಮುಂದೆ ನಿಂತಳು. "ಒಂದೋ ಭಾವನ ಮಗಳ ಬಾಗಲಕ್ಕ ಹೋಗ್ರಿ, ಇಲ್ಲಾ ಮಗನ ಮನಿಗೆ ಬೀಗರಂಗ ಹೋಗಿ ಬರೂದು ಕಲೀರಿ."

ಸಿದ್ದಪ್ಪ ಹೋದ. ವಿಶ್ರಾಮಬಾಗದ ಆಫೀಸಿನ ಬೆಂಚಿನ ಮೇಲೆ ಒಂದೂವರೆ ತಾಸು ಕುಳಿತ. ತನ್ನ ನಂತರ ಬಂದವರು ಒಳಗೆ ಹೋಗಿ ಬಂದರು. ಕೊನೆಗೆ ಒಳಗೆ ಕರೆದ ರೂಪಾಲಿ ಕುಂದ್ರಿ ಎಂದಳು, ನೀರು ಕೊಡಿಸಲಿಲ್ಲ.

"ಮನಿ ಮಗಳು ನೀ. ಬಂದು ನೋಡಬೇಕವ್ವಾ. ಫೀ ಗೀ ಅಂತ ನಮ್ಮನಮ್ಮೊಳಗ..."

"ಪೂರಾ ತಗೋತೇನಿ, ರಸೀದಿ ಕೊಟ್ಟು. ಬಿಟ್ಟಿ ಮಾಡಿದ್ರ ನಾಳೆ ಮತ್ತ ಪಾಲಿಗೆ ಬಂದಾಕಿ ಅಂತೀರಿ."

ಸಿದ್ದಪ್ಪ ಚೆಕ್ಕು ಬರೆದ. "ಅಣ್ಣಗ ಹೇಳಬ್ಯಾಡ," ಎಂದ.

"ನೀವು ಹೊರಗ ಕುಂತಾಗನ ಫೋನ್ ಮಾಡೇನ್ರಿ."

"ಏನಂದ?"

"ಅವನ ಮಾರಿ ನೋಡಬ್ಯಾಡ, ಕಾಲಮ್ ನೋಡಿ ಬಾ ಅಂದ್ರು."

ಮರುದಿನ ಬಂದವಳು ಮೊದಲು ಟಾಕಿ ಖಾಲಿ ಮಾಡಿಸಿದಳು. ಮೂಲೆ ಮೂಲೆಗೂ ನೀರಿನ ಕೊಳವೆ ಹಿಡಿಸಿ ಮಟ್ಟ ಅಳೆದಳು. ನೈಋತ್ಯ ಮೂಲೆ ನಾಲ್ಕು ಇಂಚು ಕೆಳಗಿತ್ತು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಹೋದಳು, ವಾರಕ್ಕೆ ಪಟ್ಟಿ ಸೀಳಿತ್ತು.

"ಇನ್ನೂ ಇಳೀಲಿಕ್ಕತ್ತೈತಿ. ಮ್ಯಾಲಂತಸ್ತು ತಗೀಬೇಕು. ಈ ಎರಡು ಕಾಲಮ್ ಕೆಳಗ ಹಗೇವಿನ ತಳದ ತನಕ ಹೋಗಿ ಆಧಾರ ಕೊಡಬೇಕು."

"ಮ್ಯಾಲಿನದು ಬಿಡಲಾರೆನವ್ವಾ. ಅದು ಸೌರಭಂದು. ಎಷ್ಟಾದ್ರೂ ಆಗ್ಲಿ, ಅದನ್ನ ಉಳಸು."

"ದುಡ್ಡಿನ ಮಾತಲ್ರಿ. ಈ ಕಾಲಮ್ ನಾಕು ಇಂಚು ಕುಸದಾವ. ಅವುಗಳ ಮ್ಯಾಲ ಇನ್ನೊಂದು ಸಂಸಾರ ಹೊರಸಾಕ ನಾ ಸಹಿ ಮಾಡೂದಿಲ್ಲ."

"ಅವತ್ತ ನಿನ್ನ ಮಾತು ಕೇಳಿದ್ರ?"

"ಎರಡು ಕಾಲಮ್ ಜಾಗಾ ಸರಸಿ ನಡುವ ತೊಲಿ ಹಾಕ್ತಿದ್ದೆ. ನಾಕು ದಿನದ ಕೆಲಸ."

"ತಗಸು ಹಂಗಾರ," ಎಂದ ಸಿದ್ದಪ್ಪ. ಗುರುಶಾಂತವ್ವ ಚಹಾ ತಂದಳು. "ಡ್ಯೂಟಿ ಮ್ಯಾಲ ಇದ್ದೇನ್ರಿ ಕಾಕೂ," ಎಂದು ರೂಪಾಲಿ ಮುಟ್ಟಲಿಲ್ಲ.

ಮೇಲಂತಸ್ತು ಒಡೆಯಲು ಹದಿನೆಂಟು ದಿನ ಹಿಡಿಯಿತು. ಆಧಾರದ ಕೆಲಸಕ್ಕೆ ಎರಡು ತಿಂಗಳು. ಅದು ಮುಗಿಯುವ ತನಕ ರೂಪಾಲಿ ದಿನ ತಪ್ಪದೆ ಬಂದಳು, ಕೆಲಸದವರ ಜೊತೆ ನಗುತ್ತ ಮಾತಾಡಿದಳು, ಸಿದ್ದಪ್ಪನ ಜೊತೆ ಲೆಕ್ಕದ ಮಾತಷ್ಟೇ ಆಡಿದಳು. ಕಾಕಾ ಎನ್ನುವುದನ್ನು ಬಿಟ್ಟು 'ಸಿದ್ದಪ್ಪನವರ' ಎನ್ನತೊಡಗಿದ್ದಳು. ದೀಪಾವಳಿಯ ವಾರ ಸೌರಭ ಮಿರಜದಲ್ಲಿ ಫ್ಲ್ಯಾಟಿಗೆ ಮುಂಗಡ ಕೊಟ್ಟ.

ಕೆಳಗಿನ ಮನೆ ಉಳಿಯಿತು. ಮತ್ತೆ ಅಂಟಿಸಿದ ಗಾಜಿನ ಪಟ್ಟಿ ಸೀಳಲಿಲ್ಲ. ಮೇಲಂತಸ್ತಿಗೆ ಹಾಕಿದ ಹದಿನಾಲ್ಕು ಲಕ್ಷ ಹೋಯಿತು, ಒಡೆಯುವುದಕ್ಕೂ ಆಧಾರಕ್ಕೂ ಇನ್ನೂ ಆರು ಲಕ್ಷ ಹೋಯಿತು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಆ ಮನೆಗೆ ಇರಲು ಬರಲಿಲ್ಲ.