ಮಾದರಿಗೊಂದು ಮುಖ

ಶ್ರದ್ಧಾಂಜಲಿ ಪ್ರಕಟಣೆಗಳ ವೆಬ್‌ಸೈಟ್ ನಡೆಸುವ ಆ ಕಚೇರಿಯಲ್ಲಿ ವಿನ್ಯಾಸದ ಹುಡುಗಿ ಎರಡು ವರ್ಷ ಗೋಗರೆದುಕೊಂಡೇ ಕೆಲಸ ಮಾಡಿದ್ದಳು. ಪ್ರೋಗ್ರಾಮಿನ ಕೋಡೂ ಪುಟದ ಅಂದವೂ ಒಂದೇ ಫೈಲಿನಲ್ಲಿ ಸಿಕ್ಕುಗಟ್ಟಿದ್ದರಿಂದ, ಅಂಚಿನ ಬಣ್ಣ ಬದಲಿಸಲೂ ಪ್ರೋಗ್ರಾಮರನನ್ನು ಕೇಳಬೇಕಿತ್ತು. "ಬಣ್ಣಮ್ಮ ಬಂದ್ಲಪ್ಪ," ಎನ್ನುವನು ಅವನು, ಕುರ್ಚಿ ತಿರುಗಿಸದೆ.

ಕೊನೆಗೆ ಧೈರ್ಯ ಮಾಡಿ ಯಜಮಾನರ ಬೆನ್ನು ಬಿದ್ದು ಟೆಂಪ್ಲೇಟ್ ವ್ಯವಸ್ಥೆ ತರಿಸಿದಳು. ಪುಟದ ಚೌಕಟ್ಟು ಅವಳ ಫೋಲ್ಡರಿನಲ್ಲಿ. ಅದರಲ್ಲಿ ಹೆಸರಿಗೆ, ಫೋಟೋಗೆ, ತಾರೀಕಿಗೆ ಖಾಲಿ ಜಾಗ. ಆ ಜಾಗ ತುಂಬುವ ಕೋಡ್ ಪ್ರೋಗ್ರಾಮರನ ಫೋಲ್ಡರಿನಲ್ಲಿ. ಒಬ್ಬರದಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಒಂದು ವಾರ ಅವಳು ಯಾರನ್ನೂ ಕೇಳದೆ ಅಕ್ಷರ ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು, ಸುಮ್ಮನೆ.

ಹೊಸ ಗಿರಾಕಿಗಳಿಗೆ ತೋರಿಸಲು ಮಾದರಿ ಪುಟವೊಂದು ಬೇಕಿತ್ತು; ಅದನ್ನು ತುಂಬುವ ಕೆಲಸ ಪ್ರೋಗ್ರಾಮರನಿಗೆ ಬಿತ್ತು. ಗಿರಾಕಿಗಳು ಬರುವ ದಿನ ಬೆಳಿಗ್ಗೆ ತೆರೆದು ನೋಡಿದರೆ ಅದರಲ್ಲಿ ಅವಳ ಅಪ್ಪ. ಯಾವುದೋ ಅರ್ಜಿಗೆಂದು ಅವಳೇ ಆಫೀಸಿನಲ್ಲಿ ಸ್ಕ್ಯಾನ್ ಮಾಡಿದ್ದ ಫೋಟೋ. ಕೆಳಗೆ ಪೂರ್ತಿ ಹೆಸರು, ಅಂದಿನ ತಾರೀಕು, 'ನಮ್ಮನ್ನಗಲಿದರು'. ಅವಳು ಮನೆ ಬಿಡುವಾಗ ಅಪ್ಪ ಚಪ್ಪಲಿ ಹುಡುಕುತ್ತಿದ್ದರು.

"ಸರ್, ಅದನ್ನ ತೆಗೀರಿ," ಎಂದಳು ಪ್ರೋಗ್ರಾಮರನಿಗೆ.

"ಯಾಕೆ, ಮುಖ ಚೆನ್ನಾಗಿ ಕೂತಿದೆಯಲ್ಲ. ಬೇಡ ಅಂದ್ರೆ ನೀನೇ ತೆಗಿ." ಆಮೇಲೆ ಅಂದ, "ಓ, ಅದು ನನ್ನ ಫೋಲ್ಡರು ಅಲ್ವಾ."

ಅಲ್ಲೇ ಇದ್ದ ಯಜಮಾನರು ನಕ್ಕುಬಿಟ್ಟರು. "ತಮಾಷೆ ಕಣಮ್ಮ. ಬೇಲಿ ಹಾಕಿಸಿದ್ದೇ ನೀನು. ಗಿರಾಕಿಗಳು ನೋಡ್ಕೊಂಡು ಹೋಗ್ಲಿ, ಆಮೇಲೆ ತೆಗೆಸೋಣ."

ಅವಳ ಕೈಯಲ್ಲಿದ್ದದ್ದು ಚೌಕಟ್ಟೊಂದೇ. ಅದರಿಂದ ಹೆಸರಿನ ಜಾಗವನ್ನೂ ಫೋಟೋದ ಜಾಗವನ್ನೂ ಅಳಿಸಿಹಾಕಿದಳು. ಅಪ್ಪ ಮಾಯವಾದರು. ನಿಜವಾಗಿ ಸತ್ತವರೆಲ್ಲರ ಪುಟಕ್ಕೂ ಅದೇ ಚೌಕಟ್ಟು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಮೊದಲ ಫೋನು ಅವಳೇ ಎತ್ತಿದಳು. "ನಮ್ಮ ಮಗಳ ಹೆಸರೇ ಇಲ್ವಲ್ಲಮ್ಮ," ಅಂದಿತು ಒಂದು ಮುದಿ ದನಿ. "ಬರೀ ತಾರೀಕಿದೆ."

ಹತ್ತು ನಿಮಿಷದಲ್ಲಿ ಅವಳ ಫೋಲ್ಡರಿನ ಪಾಸ್‌ವರ್ಡ್ ಪ್ರೋಗ್ರಾಮರನ ಪಾಲಾಯಿತು. ಅವನು ಎಲ್ಲವನ್ನೂ ಮೊದಲಿನಂತೆ ಮಾಡಿದ, ಅಪ್ಪನನ್ನೂ ಸೇರಿಸಿ. ಮಧ್ಯಾಹ್ನ ಬಂದ ಗಿರಾಕಿಗಳು ಮಾದರಿಯನ್ನು ಬಹಳ ಮೆಚ್ಚಿದರು. ಫೋಟೋ ಮಾತ್ರ ತುಸು ದೊಡ್ಡದಿರಲಿ ಎಂದರು.

ಯಜಮಾನರು ಅವಳತ್ತ ನೋಡಿದರು. ಅವಳು ಪ್ರೋಗ್ರಾಮರನತ್ತ ತಿರುಗಿದಳು. ಅವನು ಪರದೆಯಿಂದ ಕಣ್ಣು ತೆಗೆಯದೆ ಕಾದ.

"ಸರ್," ಎಂದಳು, "ಫೋಟೋ ಸ್ವಲ್ಪ ದೊಡ್ಡದು ಮಾಡಿಕೊಡಿ."