ತಗಡಿನ ಮೇಲೆ ಮಡಿಕೇರಿ

ಹೋದ ವರ್ಷ ಶ್ರಾವಣದಲ್ಲಿ ಮಗಳು ಶಿಲ್ಪಳನ್ನು ಮಡಿಕೇರಿಗೆ ಮದುವೆ ಮಾಡಿಕೊಟ್ಟ ಮೇಲೆ ರಾಜಾನುಕುಂಟೆಯ ಹವಾಮಾನ ತಜ್ಞ ನಾನೇ. ಟೀ ಅಂಗಡಿಯಲ್ಲಿ ಯಾರೂ ಕೇಳದಿದ್ದರೂ ಶುರು ಮಾಡುತ್ತಿದ್ದೆ: ಅಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ, ಹಗಲಲ್ಲೇ ಮಂಜು ಮನೆಯೊಳಗೆ ಬರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಡಬ್ಬಿಯಲ್ಲಿದ್ದ ಉಪ್ಪು ನೀರಾಗುತ್ತದೆ. ಇದೆಲ್ಲ ಶಿಲ್ಪ ಫೋನಿನಲ್ಲಿ ಹೇಳಿದ್ದು. ನಾನು ಅಲ್ಲಿಗೆ ಹೋಗಿದ್ದು ಮದುವೆ ಮಾತುಕತೆಗೆ, ಅದೂ ಫೆಬ್ರವರಿಯ ಬಿಸಿಲಿನಲ್ಲಿ.

"ಮಹೇಂದ್ರಣ್ಣ, ನಮ್ಮೂರಾಗೆ ಯಾವಾಗ ಮಳೆ ಬತ್ತದೆ, ಅದ್ನ ಏಳು," ಎಂದು ಎದುರು ಮನೆಯ ಲಕ್ಕಣ್ಣ ಕಾಲೆಳೆಯುತ್ತಿದ್ದ. ಅದೊಂದು ಮಾತ್ರ ನನಗೆ ಗೊತ್ತಿರಲಿಲ್ಲ.

ನನ್ನ ಒಳಗಿನ ಲೆಕ್ಕಾಚಾರ ಬೇರೆ. ಮದುವೆಯಾದ ಮೊದಲ ಆಷಾಢಕ್ಕೆ ಮಗಳು ತವರಿಗೆ ಬರಬೇಕು, ಅದು ನಮ್ಮಲ್ಲಿ ಪದ್ಧತಿ. ಮಡಿಕೇರಿಯಲ್ಲಿ ಮಳೆ ಜೋರಾಗುವುದೂ ಆಗಲೇ. ಆ ಚಳಿ, ಆ ಜಿಗಣೆ ಕಂಡವಳಿಗೆ ಅಪ್ಪನ ಮನೆಯೇ ಸ್ವರ್ಗ ಅನ್ನಿಸಬೇಕು, ಇನ್ನೊಂದು ತಿಂಗಳು ಇರ್ತೀನಿ ಅನ್ನಬೇಕು. ಅವಳಿಲ್ಲದ ಮನೆ ನನಗೆ ಸೇರುತ್ತಿರಲಿಲ್ಲ.

ಬಂದಳು. ಬಿಸಿಲು, ಧೂಳು, ಆಷಾಢದ ಗಾಳಿ ಎಲ್ಲವೂ ಧಾರಾಳವಾಗಿತ್ತು. ಮಗಳಿಗೆ ನಿದ್ದೆ ಮಾತ್ರ ಇಲ್ಲ. ಕಣ್ಣೆಲ್ಲ ಕೆಂಪು, ದಿನವಿಡೀ ತಲೆನೋವು.

"ಎಸಿ ಹಾಕಿಸ್ಲೇನಮ್ಮಾ?" ಎಂದೆ.

"ಬೇಡಪ್ಪ. ಮಳೆ ಸದ್ದಿಲ್ದೆ ನಿದ್ದೇನೇ ಬರ್ತಿಲ್ಲ. ಅಲ್ಲಿ ಅಭ್ಯಾಸ ಆಗೋಗಿದೆ."

ಆಗ ನನ್ನ ತಲೆ ಓಡಿತು. ಅದು ಓಡಿದಾಗಲೆಲ್ಲ ಮನೆಯವರು ಹೆದರುತ್ತಾರೆ. ಶಿಲ್ಪಳ ಕೋಣೆಯ ಕಿಟಕಿ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸಲು ಹಾಕಿಸಿದ ತಗಡಿನ ಶೀಟಿದೆ. ಮಧ್ಯಾಹ್ನ ಉಂಡು ಅವಳು ಅಡ್ಡಾದ ಮೇಲೆ ಮಹಡಿ ಹತ್ತಿ, ಟ್ಯಾಂಕಿಗೆ ಪೈಪು ಸಿಕ್ಕಿಸಿ, ತುದಿಯನ್ನು ಬೆರಳಲ್ಲಿ ಒತ್ತಿ ಶೀಟಿನ ಮೇಲೆ ನೀರು ಬಿಟ್ಟೆ. ಟ್ಯಾಂಕರ್ ನೀರು! ಬಾಡಿಗೆಯವರ ಬಕೆಟ್ ತುಂಬಿ ಹರಿದರೆ ಬೀದಿಗೆಲ್ಲ ಕೇಳುವಂತೆ ಕೂಗಾಡುವ ಮನುಷ್ಯ ನಾನು. ಒಮ್ಮೆ ಜಿಟಿಜಿಟಿ, ಒಮ್ಮೆ ಧೋ ಎಂದು ಸುರಿಸಿದೆ. ತಜ್ಞನಲ್ಲವೇ, ನಡುವೆ ನೀರು ನಿಲ್ಲಿಸಿ ಸ್ವಲ್ಪ ಹೊಳವನ್ನೂ ಕೊಟ್ಟೆ.

"ಏನಣ್ಣ, ಶೀಟ್‌ಗೆ ಸ್ನಾನ ಮಾಡಿಸ್ತಿದ್ಯಾ?" ಎಂದ ಲಕ್ಕಣ್ಣ ರಸ್ತೆಯಿಂದ. ಸುಮ್ಮನೆ ಹೋಗು ಎಂದು ಕೈಸನ್ನೆ ಮಾಡಿದೆ.

ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ರಾಧಾಮಣಿ ಕಿಟಕಿಯಿಂದ ತಲೆ ಹೊರಹಾಕಿ, ಮಗಳಿಗೆ ನಿದ್ದೆ ಹತ್ತಿತು ಎಂದು ಸನ್ನೆ ಮಾಡಿದಳು. ನನಗೆ ಹಿಗ್ಗೋ ಹಿಗ್ಗು. ಹಿಗ್ಗಿನಲ್ಲಿ ಮಳೆಯನ್ನು ಇನ್ನಷ್ಟು ಜೋರು ಮಾಡಿದೆ.

"ಅತ್ತೇ, ಮಳೆ ಬಂತು! ಬಟ್ಟೆ ಒಳಗ್ ತಂದ್ರಾ?" ಒಳಗಿನಿಂದ ಶಿಲ್ಪ ನಿದ್ದೆಗಣ್ಣಲ್ಲೇ ಕೂಗಿದಳು.

ರಾಧಾಮಣಿ ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಒಳಗೆ ತಿರುಗಿ, "ತಂದಾಯ್ತು ಕಣಮ್ಮಾ, ಮಲ್ಕೋ," ಎಂದಳು.

ಪೈಪನ್ನು ಬಿಸಾಡಬೇಕು ಅನ್ನಿಸಿತು. ಬಿಸಾಡಿದರೆ ಮಳೆ ನಿಂತು ಮಗಳು ಎದ್ದುಬಿಡುತ್ತಾಳೆ. ಟ್ಯಾಂಕು ಖಾಲಿಯಾಗುವವರೆಗೂ ಬೆರಳು ಒತ್ತಿಕೊಂಡು ಅಲ್ಲೇ ನಿಂತಿದ್ದೆ.